ಟೇಪು ಕಟ್ಟಿಸಿಕೊಂಡ ನಲ್ಲಿ

"ನೀನಿನ್ನು ಕೊಡ ಹೊರೋ ಹಾಗಿಲ್ಲ ಕಣೇ! ಎಂಎಲ್‌ಎ ಕಿವಿಗೆ ಒಂದು ಮಾತು ಹಾಕಿದ್ರೆ ಸಾಕು, ನಲ್ಲಿ ತಾನಾಗೇ ನಮ್ಮ ಗೇಟಿಗೆ ಬರುತ್ತೆ!" ಎಂದು ಪುರುಷೋತ್ತಮ ಘೋಷಿಸಿದ.

ಹಿಂದಿನ ಬೀದಿಯ ಕೈಪಂಪಿನಿಂದ ಕೊಡ ಹೊತ್ತು ಹೊಸಿಲು ದಾಟುತ್ತಿದ್ದ ಹೆಂಡತಿ ಸತ್ಯವತಿ, "ಮೊದಲು ಇದನ್ನ ಇಳಿಸ್ಕೊಳ್ಳಿ" ಎಂದಳು.

ವಿಜಯನಗರದಲ್ಲಿ ಮನೆ ಕಟ್ಟಿದಾಗಿನಿಂದ ಅವನು ನೀರಿನ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದ್ದ. ಅಲ್ಲಿ ಸಾಹೇಬರಿದ್ದ ದಿನ ಫೈಲು ಇಲ್ಲ, ಫೈಲು ಸಿಕ್ಕ ದಿನ ಸಾಹೇಬರಿಲ್ಲ. ಎರಡೂ ಕೂಡಿ ಬಂದ ದಿನ ಇವನಿಗೇ ಜ್ವರ! ಪಾಪ, ಸಾಕಾಗಿ ಹೋಗಿತ್ತು.

ಶಾಸಕರು ಮಾತ್ರ ಒಂದೇ ಫೋನಿಗೆ ಕೆಲಸ ಮುಗಿಸಿಬಿಟ್ಟರು! ಅದೇ ವಾರ ಅವನ ಗೇಟಿನ ಪಕ್ಕದಲ್ಲಿ, ಇಡೀ ಬೀದಿಗೆ ಆಗುವಂಥ ನಲ್ಲಿ ಎದ್ದು ನಿಂತಿತು. ಪುರುಷೋತ್ತಮ ಎದೆಯುಬ್ಬಿಸಿಕೊಂಡು ಬಿಂದಿಗೆ ಹಿಡಿದು ಬಂದರೆ, ನೀರು ಬಿಡುವ ಬೈರಯ್ಯ ನಲ್ಲಿಯ ಕೊರಳಿಗೆ ಕೆಂಪು ಟೇಪು ಕಟ್ಟುತ್ತಿದ್ದಾನೆ!

"ಮುಟ್ಬೇಡಿ ಸಾರ್. ಎಂಎಲ್‌ಎ ಸಾಹೇಬ್ರೇ ಬಂದು ಉದ್ಘಾಟನೆ ಮಾಡ್ಬೇಕಂತೆ. ಅಲ್ಲೀತಂಕ ನೀರು ಬಂದ್."

"ಯಾವಾಗ ಬರ್ತಾರಂತೆ?"

"ಈಗ ಆಷಾಢ ಅಲ್ವಾ ಸಾರ್?"

ಆಷಾಢ ಮುಗಿಯುವ ತನಕ ಬೀದಿಯ ಹೆಂಗಸರೆಲ್ಲ ಹೊಸ ನಲ್ಲಿಯ ಮುಂದೆಯೇ ಹಾದು ಕೈಪಂಪಿಗೆ ನಡೆದರು. ಹೋಗುವಾಗ ನಲ್ಲಿಯನ್ನೂ ಬರುವಾಗ ಪುರುಷೋತ್ತಮನನ್ನೂ ದುರುಗುಟ್ಟಿ ನೋಡಿದರು. ಟೇಪಿಗೆ ಯಾರೂ ಕೈ ಹಚ್ಚದಂತೆ ಕಾಯುವ ಹೊಣೆಯೂ ಅವನ ತಲೆಗೇ ಬಿತ್ತು.

"ಸಹಾಯ ಕೇಳೋಕೆ ಹೋಗಿ ವಾಚ್‌ಮನ್ ಕೆಲಸ ಸಿಕ್ತಲ್ರೀ!" ಎಂದಳು ಸತ್ಯವತಿ, ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳುತ್ತಾ. ಮಾತಿಗಿಂತ ಆ ಸೊಂಟನೋವೇ ಅವನನ್ನು ಹೆಚ್ಚು ಕುಟುಕಿತು.

ಶ್ರಾವಣ ಬಂತು. ಶಾಮಿಯಾನ ಬಂತು. ಬೆಳಿಗ್ಗೆ ಏಳಕ್ಕೆ ಬರಬೇಕಾದ ಶಾಸಕರು ಹನ್ನೊಂದಕ್ಕೆ ಬಂದರು! ಭಾಷಣದಲ್ಲಿ ಗಂಗೆಯನ್ನು ಸ್ವರ್ಗದಿಂದಲೇ ಇಳಿಸಿದರು, ಪುರುಷೋತ್ತಮನಿಗೂ ಒಂದು ಹಾರ ಹಾಕಿದರು, ಟೇಪು ಕತ್ತರಿಸಿ, ಚಪ್ಪಾಳೆಗಳ ನಡುವೆ ನಲ್ಲಿ ತಿರುಗಿಸಿದರು.

ಪುಸ್ಸ್!

"ಏನಯ್ಯಾ ಇದು?" ಶಾಸಕರು ಗುಡುಗಿದರು.

ಬೈರಯ್ಯ ತಲೆ ಕೆರೆದುಕೊಂಡ. "ಈ ಲೈನಲ್ಲಿ ನೀರು ಬರೋದು ಬೆಳಿಗ್ಗೆ ಎಂಟು ಗಂಟೆ ತಂಕ ಮಾತ್ರ ಸಾಹೇಬ್ರೇ. ಸಾಹೇಬ್ರು ಬರೋಗಂಟ ಇರು ಅಂತ ನೀರಿಗೆ ಹೇಳೋಕಾಯ್ತದಾ?"

ಶಾಸಕರು ಬೆವರು ಒರೆಸಿಕೊಂಡು ಪುರುಷೋತ್ತಮನ ಜಗುಲಿಯ ಮೇಲೆ ಕುಸಿದು ಕೂತರು. "ಹೋಗ್ಲಿ ಬಿಡಿ. ಒಂದು ಲೋಟ ಕಾಫಿನಾದ್ರೂ ಕೊಡಿಸಿ." ಜೊತೆಗೆ ಬಂದ ಪರಿವಾರವೆಲ್ಲ ಸಾಲಾಗಿ ಕಾಫಿಗೆ ಕೂತೇಬಿಟ್ಟಿತು.

ಇಸ್ತ್ರಿ ಪಂಚೆಯುಟ್ಟು, ಕೊರಳಲ್ಲಿ ಹಾರ ಹಾಕಿಕೊಂಡು ಪೆಚ್ಚಾಗಿ ನಿಂತಿದ್ದ ಗಂಡನ ಕೈಗೆ ಸತ್ಯವತಿ ಖಾಲಿ ಕೊಡ ಕೊಟ್ಟಳು.

"ನಾನಿನ್ನು ಕೊಡ ಹೊರೋ ಹಾಗಿಲ್ಲ ಅಂದಿದ್ರಲ್ಲ, ನೀವೇ ಹಿಂದಿನ ಬೀದಿಗೆ ಹೋಗ್ಬನ್ನಿ. ಆ ಪಂಪಿಗಿನ್ನೂ ಉದ್ಘಾಟನೆ ಆಗಿಲ್ಲ, ನೀರು ಬರುತ್ತೆ!"