ಎಮ್ಮೆ ಫಾಯಿಲ್, ಹೋರಿ ಫಾಯಿಲ್

ನಾನು ಸುಮ್ಮನಿದ್ದರೂ ಇಂಥವು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಸುಮ್ಮನಿರುವ ಅಭ್ಯಾಸ ನನಗಿಲ್ಲ ಅನ್ನೋದು ಬೇರೆ ಮಾತು. ಒಂದೇ ಭಾನುವಾರ ಆದದ್ದು ಕೇಳಿ.

ಮೆಟ್ಟಿಲ ಮೇಲೆ

ಕುಮಾರಸ್ವಾಮಿ ಲೇಔಟ್‌ನ ಬಾಡಿಗೆ ಮನೆಯಿಂದ ನೀರಾಟದ ಬೋರ್ಡು ಇಳಿಸುತ್ತಿದ್ದೆ. ಅದರ ಹೊಟ್ಟೆಗೆ ಸೊಂಟದೆತ್ತರದ ಕಂಬ, ಕಂಬದ ತುದಿಗೆ ಪುಟ್ಟ ವಿಮಾನದಂಥ ರೆಕ್ಕೆಗಳು. ಅದೇ ಫಾಯಿಲ್.

"ಏನಪ್ಪಾ ಇದು, ಸೀಲಿಂಗ್ ಫ್ಯಾನಾ?" ಓನರ್ ಅಂಕಲ್ ಕೇಳಿದರು.

"ಅಲ್ಲ ಅಂಕಲ್. ಗಾಳಿ ತುಂಬಿದ ಇನ್ನೊಂದು ರೆಕ್ಕೆ ಕೈಯಲ್ಲಿ ಹಿಡಿದು ಬೋರ್ಡ್ ಮೇಲೆ ನಿಲ್ತೀನಿ. ಸ್ಪೀಡ್ ಬಂದ್ರೆ ನೀರೊಳಗಿನ ಈ ಫಾಯಿಲ್ಲು ಬೋರ್ಡನ್ನೇ ಮೇಲಕ್ಕೆತ್ತುತ್ತೆ. ಹಾರ್ತೀನಿ!"

"ಅಂದ್ರೆ ವಿಮಾನ ನೀರೊಳಗೆ, ನೀನು ಗಾಳೀಲಿ?" ರೆಕ್ಕೆಯನ್ನೊಮ್ಮೆ ತಟ್ಟಿ ನೋಡಿದರು. "ಹುಷಾರಪ್ಪ. ಇಬ್ಬರಿಗೂ ತಮ್ಮ ತಮ್ಮ ಜಾಗ ನೆನಪಾಗಿಬಿಟ್ಟೀತು."

ದಡದಲ್ಲಿ

ಕನಕಪುರ ರಸ್ತೆ ಹಿಡಿದು ಜಲಾಶಯ ಸೇರಿದೆವು. ಜೊತೆಗೆ ಅವ್ವ. ನೀರ ಮೇಲೆ ಹಾರ್ತೀನಿ ಅಂತ ನಾನು ಮದ್ದೂರು ಕಡೆಯ ನಮ್ಮೂರಿಗೆಲ್ಲ ಡಂಗುರ ಹೊಡೆದಿದ್ದೆ. ಊರವರು ನಕ್ಕಿದ್ದು ಅವ್ವನ ಮುಂದೆ. ಕಣ್ಣಾರೆ ನೋಡಿ ಉತ್ತರ ಕೊಡಬೇಕು ಅಂತ ಅವಳು ಬಂದಿದ್ದಳು.

ಜಯನಗರದ ರಿಟೈರ್ಡ್ ಅಂಕಲ್ ಒಬ್ಬರು ಫಾಯಿಲ್ ಕಲಿಯುವ ನಮ್ಮ ಗುಂಪಿನಲ್ಲಿದ್ದಾರೆ. ಅವರ ಫಾಯಿಲ್ಲಿನ ರೆಕ್ಕೆ ಅಗಲ, ನಿಧಾನ, ಸಣ್ಣ ಗಾಳಿಗೂ ಏಳುತ್ತದೆ. ನನ್ನದು ಕಿರಿದು, ಚೂಪು. ಎದ್ದರೆ ಬಾಣ.

"ಅಂಕಲ್, ನಿಮ್ದು ಎಮ್ಮೆ. ನಂದು ಹೋರಿ!"

ಅಂಕಲ್ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತಾ ಅಂದರು: "ಇರಬಹುದಪ್ಪ. ಆದ್ರೆ ನೀರಿನ ವಿಷಯದಲ್ಲಿ ನಾನು ಎಮ್ಮೇನೇ ನಂಬೋದು."

ನೀರಲ್ಲಿ

ಎಮ್ಮೆ ಎದ್ದಿತು. ಅಂಕಲ್ ನೀರಿಂದ ಮೇಲೆ ಸದ್ದಿಲ್ಲದೆ ತೇಲಿಹೋದರು. ತಿರುಗುವಾಗ ದೊಪ್ಪನೆ ಬಿದ್ದರು. ಮತ್ತೆ ಎದ್ದರು, ಮತ್ತೆ ಬಿದ್ದರು. ನನ್ನ ಹೋರಿ ಅಲುಗಲೇ ಇಲ್ಲ. ಒಳ್ಳೆ ಗಾಳಿ ಬಂದರೂ ಯಾರೋ ಕೆಳಗಿಂದ ಹಿಡಿದೆಳೆದ ಹಾಗೆ. ದಡದಲ್ಲಿ ಅವ್ವನ ಕೊಡೆ ಕಾಣುತ್ತಿತ್ತು. ಅತ್ತ ನೋಡುವ ಧೈರ್ಯ ಬರಲಿಲ್ಲ.

"ಬಾರಪ್ಪ, ನನ್ನ ಎಮ್ಮೆ ತಗೋ," ಅಂದರು ಅಂಕಲ್.

"ಪ್ರಾಣ ಹೋದ್ರೂ ಇಲ್ಲ ಅಂಕಲ್!"

"ಪ್ರಾಣ ಯಾಕೆ ಹೋಗುತ್ತೆ? ನೀನು ಎಲ್ಲೂ ಹೋಗ್ತಾನೇ ಇಲ್ವಲ್ಲ."

ದಾರ

ಕೊನೆಗೆ ನಮಗೆ ಕಲಿಸುವ ಕೋಚ್ ನನ್ನ ಬೋರ್ಡನ್ನು ದಡಕ್ಕೆಳೆದು ಮಗುಚಿದ. ಮುಂದಿನ ರೆಕ್ಕೆಗೆ ಸುತ್ತಿ ಸುತ್ತಿ ಕಟ್ಟಿದ ಅರಿಶಿನದ ದಾರ, ನಡುವೆ ಗಟ್ಟಿ ಅರಿಶಿನದ ಕೊಂಬು! ನಾನು ಕೈರೆಕ್ಕೆಗೆ ಪಂಪ್ ಹೊಡೆಯುತ್ತಿದ್ದಾಗ ಅವ್ವ ಹೊಸ ಗಾಡಿಗೆ ಮಾಡುವಂತೆ ಪೂಜೆ ಮುಗಿಸಿದ್ದಳು. ನಾನು ಎದೆಯುಬ್ಬಿಸಿ ಜನರ ಕಡೆ ನೋಡುತ್ತಾ ನೀರಿಗಿಳಿದಿದ್ದೆ, ಫಾಯಿಲ್ ಕಡೆ ಅಲ್ಲ.

"ಇದಿದ್ರೆ ನೀರು ಹೆಂಗ್ ಜಾರತ್ತೆ ಗುರು? ಕತ್ತರಿಸ್ಲಾ?" ಕೋಚ್ ಚಾಕು ತೆಗೆದ.

ನಮ್ಮೂರ ಬಾವಿಯಲ್ಲಿ ಈಜು ಕಲಿಯುವಾಗ ನನ್ನ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ, ಹಗ್ಗದ ತುದಿ ಹಿಡಿದು ಮೇಲೆ ನಿಲ್ಲುತ್ತಿದ್ದವಳು ಅವ್ವನೇ. ನಾನು ಈಜು ಕಲಿತೆ ಅಂತ ಊರಲ್ಲಿ ಮೆರೆದೆ. ಅವಳು ಹಗ್ಗ ಬಿಟ್ಟಿದ್ದು ಯಾವಾಗ ಅಂತ ಯಾವತ್ತೂ ಕೇಳಿರಲಿಲ್ಲ. ಬಿಟ್ಟೇ ಇಲ್ಲ ಅಂತ ಈಗ ಗೊತ್ತಾಯಿತು.

"ಬೇಡ ಮಗಾ. ಇವತ್ತು ಇರಲಿ," ಅಂದೆ.

ಇನ್ನು ಅವ್ವ ಊರಿಗೆ ಏನು ಹೇಳ್ತಾಳೋ ಅಂತ ತಲೆ ತಗ್ಗಿಸಿ ಹತ್ತಿರ ಹೋದೆ. ಆಗಲೇ ಫೋನಲ್ಲಿ ಊರಿನ ಚಿಕ್ಕಮ್ಮನ ಜೊತೆ ಮಾತು ನಡೆದಿತ್ತು. ಅವಳ ಎದೆ ನನ್ನದಕ್ಕಿಂತ ಹೆಚ್ಚು ಉಬ್ಬಿತ್ತು.

"ನಗೋರಿಗೆ ಹೇಳಮ್ಮಿ! ನಮ್ ಹೈದ ಬೆಳಗ್ಗಿಂದ ನೀರ್ ಮ್ಯಾಲೇ ಅವ್ನೆ, ಒಂದ್ಸಲನೂ ಬೀಳ್ನಿಲ್ಲ! ಇಲ್ಲೊಬ್ರು ಜಯನಗರದೋರು ಅವ್ರೆ, ಪಾಪ, ಬಿದ್ದೂ ಬಿದ್ದೂ ಸುಸ್ತಾಗವ್ರೆ."

ಫೋನಿಟ್ಟವಳೇ ಸೆರಗಿನ ಗಂಟು ಬಿಚ್ಚಿ ಉಳಿದ ದಾರ ತೆಗೆದು ಅಂಕಲ್ ಕಡೆ ಹೊರಟಳು: "ಬನ್ನಿ ಸ್ವಾಮಿ, ನಿಮ್ದಕ್ಕೂ ಒಂದ್ ಕಟ್ಬುಡ್ತೀನಿ!"

ಆ ವಯಸ್ಸಿನವರು ಬೋರ್ಡು ಹೊತ್ತು ಅಷ್ಟು ಜೋರಾಗಿ ಓಡಿದ್ದನ್ನು ನಾನಂತೂ ಕಂಡಿರಲಿಲ್ಲ. ಎಮ್ಮೆಗೂ ಸ್ಪೀಡ್ ಇದೆ ಅಂತ ಒಪ್ಪಿಕೊಂಡೆ.