ಮೈ ಹೊಲಸು ಮಾಡಿಕೊಳ್ಳದ ಯಂತ್ರಕ್ಕೆ

ಕೃಷ್ಣಾ ಹೊಳೆಯ ಮೇಲ್ದಂಡೆಯ ಕಸಾಯಿಖಾನೆಯಲ್ಲಿ ವಿರಾಜಮಾನರಾಗಿರುವ ಕೊಳೆನೀರು ಶುದ್ಧೀಕರಣ ಯಂತ್ರದವರಿಗೆ, ಕೆಳದಂಡೆಯ ದಿಗ್ಗೇವಾಡಿಯಿಂದ ಕಿರಾಣಿ ವ್ಯಾಪಾರಿ ಶ್ರೀಪಾಲನ ಅನಂತ ನಮಸ್ಕಾರಗಳು.

ಮಾನ್ಯರೇ, ಅಂಗಡಿಯವನಾದ್ದರಿಂದ ಮೊದಲು ಖರ್ಚು ಹೇಳಿಬಿಡುತ್ತೇನೆ. ವಾಂತಿಭೇದಿಯಾದ ನನ್ನ ಮೊಮ್ಮಗಳು ಬ್ರಾಹ್ಮಿಗೆ ಏರಿಸಿದ ಸಲೈನ್ ಬಾಟಲಿ ಆರು, ಅವಳು ಕಳೆದುಕೊಂಡ ತೂಕ ಎರಡು ಕಿಲೋ, ನೀರು ಕುದಿಸಿ ಕುದಿಸಿ ಮುಗಿದ ಗ್ಯಾಸ್ ಸಿಲಿಂಡರ್ ಒಂದು. ಅವಳ ತಾಯಿ ಮಯೂರಿ ಕಳೆದುಕೊಂಡ ನಿದ್ದೆಯನ್ನು ತೂಗುವ ತಕ್ಕಡಿ ನನ್ನಲ್ಲಿಲ್ಲ. ಮಟನ್ ತಿನ್ನುವವರೊಡನೆ ನನಗೆ ಜಗಳವಿಲ್ಲ. ರವಿವಾರ ತಪ್ಪದೆ ತಿನ್ನುವ ಪಕ್ಕದ ಮನೆಯ ರುಕ್ಮವ್ವ, ಎಂದೂ ತಿನ್ನದ ಬ್ರಾಹ್ಮಿ, ಇಬ್ಬರೂ ದವಾಖಾನೆಯಲ್ಲಿ ಅಕ್ಕಪಕ್ಕದ ಕಾಟಿನಲ್ಲೇ ಮಲಗಿದ್ದರು; ಹೊಳೆ ಯಾರ ಊಟವನ್ನೂ ವಿಚಾರಿಸುವುದಿಲ್ಲ.

ಬೇಸಿಗೆಯಲ್ಲಿ ನಳ ನಿಂತ ಮೇಲೆ ನಾವು ಹೊಳೆಯ ನೀರನ್ನೇ ತಂದು ಎರಡು ಪದರಿನ ಬಟ್ಟೆಯಲ್ಲಿ ಸೋಸುತ್ತೇವೆ. ಬಟ್ಟೆಯಲ್ಲಿ ಉಳಿದ ಜೀವಗಳು ಬದುಕಲೆಂದು ಅವನ್ನು ನೀರು ತಂದಲ್ಲಿಗೇ ಮರಳಿ ಬಿಡುವುದು ನಮ್ಮ ಜೈನರ ರೂಢಿ. ಹಾಗಾಗಿ ನನ್ನ ಹೆಂಡತಿ ರಾಜಮತಿ ಬಟ್ಟೆಗಂಟಿದ ಕೊಬ್ಬು, ಕೂದಲುಗಳನ್ನೂ ಭಕ್ತಿಯಿಂದ ಹೊಳೆಗೆ ಮರಳಿಸುತ್ತಿದ್ದಳು. ಮರುದಿನ ಅವನ್ನೇ ನಾನು ಕೊಡ ತುಂಬಿ ಹೊತ್ತು ತರುತ್ತಿದ್ದೆ. ಬಟ್ಟೆಗೆ ಸಿಗದೆ ಉಳಿದದ್ದು ಬ್ರಾಹ್ಮಿಯ ಹೊಟ್ಟೆ ಸೇರಿತು. ಮಗು ಮನೆಗೆ ಬಂದ ದಿನ ರಾಜಮತಿ ಬಟ್ಟೆಗಂಟಿದ್ದನ್ನೆಲ್ಲ ಒಂದು ಡಬ್ಬಿಗೆ ತುಂಬಿ, "ಇದು ಹೊಳಿದಲ್ರೀ. ಎಲ್ಲಿಂದ ಬಂದೈತೋ ಅಲ್ಲೇ ಮುಟ್ಟಿಸಿ ಬರ್ರಿ" ಎಂದು ನನ್ನ ಕೈಗಿಟ್ಟಳು.

ಹೀಗೆ ತಮ್ಮ ದರ್ಶನಭಾಗ್ಯ ದೊರೆಯಿತು. ಉದ್ಘಾಟನೆಯ ಹಾರ ಒಣಗಿ ತಮ್ಮ ಕೊರಳಲ್ಲೇ ಇತ್ತು, ಮೈಮೇಲೆ ಒಂದು ಕಲೆಯಿರಲಿಲ್ಲ, ರಕ್ತವೂ ಕರುಳು ತೊಳೆದ ನೀರೂ ತಮ್ಮನ್ನು ಮುಟ್ಟದೆ ಗೌರವದಿಂದ ಪಕ್ಕದ ಗಟಾರು ಹಿಡಿದು ಕೃಷ್ಣೆಯತ್ತ ಹೊರಟಿದ್ದವು. ಯಾಕೆಂದು ಕೇಳಿದ್ದಕ್ಕೆ ತಮ್ಮ ಸೇವೆಗಿರುವ ಹುಡುಗ ಉತ್ತಮ, "ಚಾಲೂ ಮಾಡಿದ್ರ ಮಷೀನ್ ಹೊಲಸಾಗತೈತ್ರಿ ಕಾಕಾ, ಆಮ್ಯಾಲ ತೊಳ್ಯಾವ್ರು ಯಾರು?" ಎಂದ. ತಪಾಸಣೆಯ ದಿನ ಮಾತ್ರ ತಮಗೆ ಬೋರಿನ ನೀರು ಕುಡಿಸುತ್ತಾರಂತೆ. ಬೋರಿನ ನೀರನ್ನು ಬೋರಿನ ನೀರಾಗಿಯೇ ಹೊರಬಿಟ್ಟು ಪ್ರತಿಸಲ ಪಾಸಾಗುವ ದಂಧೆ, ಸೈಕಲ್ ಮೇಲೆ ಬೆಲ್ಲ ಮಾರಿ ಅಂಗಡಿ ಕಟ್ಟಿದ ನನಗೂ ಹೊಳೆದಿರಲಿಲ್ಲ.

ಬ್ರಾಹ್ಮಿ ಈಗ ಲೋಟ ಹಿಡಿದಾಗಲೆಲ್ಲ "ಕುಡೀಲೇನ್ ಅಜ್ಜಾ?" ಎಂದು ನನ್ನ ಮುಖ ನೋಡುತ್ತಾಳೆ. ಸಾವಿರ ಗಿರಾಕಿಗಳ ಬಾಯಿ ಮುಚ್ಚಿಸಿದ ನಾನು ಈಗ ಅವಳೆದುರು ಮೊದಲ ಗುಟುಕು ಕುಡಿದು ತೋರಿಸುತ್ತೇನೆ. ಆದ್ದರಿಂದ ತಾವು ದಯಮಾಡಿ ಒಂದು ದಿನವಾದರೂ ಮೈ ಹೊಲಸು ಮಾಡಿಕೊಳ್ಳಬೇಕು. ಅದು ತಮ್ಮ ಘನತೆಗೆ ಕುಂದಾದರೆ, ತಮಗೆ ಎಚ್ಚರವಾಗುವವರೆಗೆ ಕೆಳಗೆ ಹರಿಯದೆ ಮೇಲೆಯೇ ನಿಂತಿರುವಂತೆ ಕೃಷ್ಣೆಗೆ ಒಂದು ನೋಟಿಸು ಕಳಿಸಬೇಕು.

ಎಂದೆಂದೂ ಕೆಳದಂಡೆಯಲ್ಲೇ ಇರುವ ತಮ್ಮ ವಿಶ್ವಾಸಿ,
ಶ್ರೀಪಾಲ ಮಗದುಮ್, ದಿಗ್ಗೇವಾಡಿ

ತಾ.ಕ.: ಡಬ್ಬಿಯನ್ನು ತಮ್ಮ ಪಾದದ ಬಳಿ ಇಟ್ಟು ಬಂದಿದ್ದೇನೆ. ಇನ್ನು ದಿನವೂ ಬರುತ್ತದೆ. ರುಕ್ಮವ್ವನೂ ನೀರು ಸೋಸಲು ಕಲಿತಿದ್ದಾಳೆ, ಅವಳ ಡಬ್ಬಿ ನಮ್ಮದಕ್ಕಿಂತ ದೊಡ್ಡದು. ಒಟ್ಟಿನಲ್ಲಿ ಯಾರಿಗೆ ಏನು ದಕ್ಕಿತೆಂದರೆ, ತಮ್ಮನ್ನು ಕೂರಿಸಿದ ಗುತ್ತಿಗೆದಾರನಿಗೆ ಬಿಲ್ಲು, ಉದ್ಘಾಟಿಸಿದ ಸಾಹೇಬರಿಗೆ ಫೋಟೊ, ಉತ್ತಮನಿಗೆ ಪುರುಸೊತ್ತು, ತಮಗೆ ಹಾರ, ಬ್ರಾಹ್ಮಿಗೆ ಸಲೈನು. ಉಳಿದದ್ದೆಲ್ಲ ಕೃಷ್ಣೆಗೆ.