ಐರ್ಲೆಂಡಿಗೆ ಪರಸ್ಥಾನ

ನಮ್ಮ ಜನ ತಾವಂತೂ ಎಲ್ಲಿಗೂ ಹೋಗುವುದಿಲ್ಲ, ಹೊರಟವನನ್ನೂ ಬಿಡುವುದಿಲ್ಲ. ನಾನು ಹಳೇಬೀಡಿನಲ್ಲಿ ಹೈಸ್ಕೂಲು ಮೇಷ್ಟರಾಗಿದ್ದಾಗ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ದೇವಸ್ಥಾನ ನೋಡಲು ಬಂದಿದ್ದ ಐರ್ಲೆಂಡಿನ ಮೇಷ್ಟರೊಬ್ಬರಿಗೆ ಎರಡು ದಿನ ಊರು ತೋರಿಸಿದ್ದೆ. ಅವರು, ನಮ್ಮ ಹಳ್ಳಿಗೆ ಬನ್ನಿ, ಹಾಡು ಕೇಳಿ, ಹೊಲ ಸುತ್ತಿ ಎಂದು ಬರೆದು ಹಡಗಿನ ಟಿಕೆಟ್ಟನ್ನೇ ಕಳಿಸಿದರು. ಬೆಂಗಳೂರು ದಾಟದ ನನಗೆ ನಿದ್ದೆ ಹಾರಿಹೋಯಿತು.

೧

ಹೆಡ್‌ಮಾಸ್ಟರು ರಜೆ ಅರ್ಜಿ ಓದಿ, "ಏನ್ರೀ ನೋಡೋದು ಅಲ್ಲಿ?" ಎಂದರು.

"ಹಳ್ಳಿ, ಸಾರ್."

"ಅದಕ್ಕೆ ಸಮುದ್ರ ದಾಟ್ಬೇಕೇನ್ರೀ? ಇಲ್ಲೇ ಪಕ್ಕದ ಬಸ್ತಿಹಳ್ಳಿ ನೋಡಿದ್ದೀರಾ?"

ಮೂರು ಸಲ ಅರ್ಜಿ ಬರೆಸಿ ಕೊನೆಗೆ ಮಂಜೂರು ಮಾಡಿದರು. "ಆರ್ಡರ್ ಆಯ್ತು. ಇನ್ನು ಬ್ರಹ್ಮ ಬಂದ್ರೂ ಬದಲಾಗಲ್ಲ!"

೨

ಹಗರೆಯಿಂದ ಹಾಲು ತರುತ್ತಿದ್ದ ಗೌಡರು, "ಅಲ್ಲೇನೈತೆ ಮೇಷ್ಟ್ರೇ?" ಎಂದರು.

"ಹುಲ್ಲುಗಾವಲು, ಹಸು, ಮಳೆ."

"ನಮ್ಮಲ್ಲೂ ಐತಲ್ಲ! ಒಂದು ತಿಂಗ್ಳು ನಮ್ಮನೇಲೇ ಇರಿ. ಸಗಣಿ ಬಾಚಾಕೂ ಒಬ್ರು ಬೇಕಾಗವ್ರೆ."

ಅಂದಿನಿಂದ ಹಾಲಿನವರನ್ನು ಬದಲಾಯಿಸಿದೆ.

೩

ಬೊಂಬಾಯಿಗೆ ರೈಲು ಹಿಡಿಯಲು ನಾನು ಮಂಗಳವಾರ ಅರಸೀಕೆರೆಗೆ ಹೊರಡಬೇಕಿತ್ತು. ಅಮ್ಮ ಅಡ್ಡ ನಿಂತರು. "ಮಂಗಳವಾರ ಉತ್ತರಕ್ಕೆ ಶೂಲ ಕಣೋ, ಆ ದಿಕ್ಕಿಗೆ ಹೊರಡಬಾರದು! ಸೋಮವಾರವೇ ಪರಸ್ಥಾನ ಇಡೋಣ."

ಅಂದರೆ ಒಳ್ಳೆಯ ಗಳಿಗೆಯಲ್ಲಿ ಗಂಟೊಂದನ್ನು ಬೇರೆ ಮನೆಯಲ್ಲಿಟ್ಟರೆ ಹೊರಟ ಲೆಕ್ಕ. ಒಂದು ಪಂಚೆ ಇಟ್ಟರೆ ಸಾಲದೇ? ಪ್ರಯಾಣಕ್ಕೆ ಅತಿ ಮುಖ್ಯವಾದದ್ದೇ ಇರಬೇಕೆಂದು ಅಮ್ಮ ಪಾಸ್‌ಪೋರ್ಟು, ಟಿಕೆಟ್ಟು ಎರಡನ್ನೂ ಗಂಟು ಕಟ್ಟಿ, ಒಂಟಿಯಾಗಿದ್ದ ಪುರೋಹಿತರ ದೇವರಮನೆಯಲ್ಲಿ ಇಟ್ಟು ಬಂದರು.

ಮಂಗಳವಾರ ಬೆಳಿಗ್ಗೆ ಹೋದರೆ ಬಾಗಿಲಿಗೆ ಬೀಗ. ಪುರೋಹಿತರು ಮೊದಲ ಬಸ್ಸಿಗೇ ಮದುವೆ ಮಾಡಿಸಲು ಹೋಗಿದ್ದರು. ಯಾವ ಊರಿಗೆಂದು ಯಾರಿಗೂ ಗೊತ್ತಿಲ್ಲ. ಬೀಗ ಒಡೆಯಲು ಕಲ್ಲೆತ್ತಿದೆ.

"ದೇವರಿರೋ ಮನೆ ಬೀಗ ಒಡೀತೀಯೇನೋ ಪಾಪಿ!" ಎಂದು ಅಮ್ಮ ಕೈ ಹಿಡಿದರು.

ರೈಲು ಹೋಯಿತು. ಹಡಗೂ ಹೋಯಿತು. ಶುಕ್ರವಾರ ಬಂದ ಪುರೋಹಿತರು ಎಲೆ ಅಡಿಕೆ ಅಗಿಯುತ್ತ, "ಕೋಪ ಯಾಕೆ? ಶಾಸ್ತ್ರದ ಪ್ರಕಾರ ನೀವು ಸೋಮವಾರವೇ ಹೊರಟಾಯ್ತು" ಎಂದರು. ಅವರ ಜುಟ್ಟು ಹಿಡಿಯದೆ ಬಂದದ್ದೇ ನನ್ನ ದೊಡ್ಡತನ.

ಹಲ್ಲು ಕಚ್ಚಿಕೊಂಡು ಶನಿವಾರ ಸ್ಕೂಲಿಗೆ ಹೋದೆ. ಹೆಡ್‌ಮಾಸ್ಟರು ಹಾಜರಿ ಪುಸ್ತಕ ಎಳೆದುಕೊಂಡರು. "ಸಹಿ ಹಾಕೋ ಹಾಗಿಲ್ಲ. ಆರ್ಡರ್ ಪ್ರಕಾರ ನೀವು ಐರ್ಲೆಂಡಿಗೆ ಹೋಗಿದ್ದೀರಿ."

"ನಿಮ್ಮೆದುರೇ ನಿಂತಿದ್ದೀನಲ್ಲ ಸಾರ್!" ಎಂದು ಕಿರುಚಿದೆ.

ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು.

"ಅದಿರಲಿ. ವಾಪಸ್ ಬಂದ್ಮೇಲೆ ಆ ದೇಶದ ಬಗ್ಗೆ ಮಕ್ಕಳಿಗೊಂದು ಭಾಷಣ ಮಾಡ್ಬೇಕು ಕಣ್ರೀ, ಮರೀಬೇಡಿ."